ಏಳೂವರೆಯ ನಿದ್ದೆ

ಗೋಕಾಕ
೧೪ ಜೂನ್ ೧೯೩೬

ಚಿ. ಆಬಾಸಾಹೇಬರಿಗೆ ನಿಮ್ಮ ಅತ್ತಿಗೆ, ಈ ವೈನಿಯ ಆಶೀರ್ವಾದಗಳು.

ಈ ಪತ್ರವನ್ನು ಅತ್ತೆಯವರಿಗೆ ಓದಿ ಹೇಳಬೇಕು. ನನ್ನ ಮಾತಿಗೆ ಸಕ್ಕರೆ ಸವರಿ ಓದುವುದು ನಿಮ್ಮ ಅಭ್ಯಾಸ, ಅದು ನನಗೆ ಗೊತ್ತು. ಈ ಸಲ ಅದು ಬೇಡ. ಬರೆದ ಹಾಗೆ ಓದಿ.

ಬೇಸಿಗೆ ರಜೆ ಮುಗಿಸಿ ಹುಕ್ಕೇರಿಯಿಂದ ಬಂದು ಎಂಟು ದಿನವಾಯಿತು. ಎಂಟೂ ದಿನ ಪಾಠ ಹೇಳುವಾಗ ಕೂಡ ನನಗೆ ಮಗಳು ಸರಿತಾಳ ಅಳುವೇ ಕಿವಿಯಲ್ಲಿ. ನಿಮ್ಮ ಅಣ್ಣನವರು ತೀರಿಕೊಂಡ ಮೇಲೆ ನಾನು ಟ್ರೇನಿಂಗ್ ಮುಗಿಸಿ ಇಲ್ಲಿಯ ಹೆಣ್ಣುಮಕ್ಕಳ ಶಾಲೆಗೆ ಸೇರಿದಾಗ, ಕೆಲಸ ಕಾಯಂ ಆಗುವ ತನಕ ಮಗಳು ಅಜ್ಜಿಯ ಹತ್ತಿರ ಇರಲಿ ಎಂದು ನೀವೇ ಹೇಳಿದಿರಿ. ನಾನು ನಂಬಿ ಬಿಟ್ಟುಬಂದೆ. ಆದರೆ ರಜೆಯಲ್ಲಿ ನಾನು ಕಂಡದ್ದೇನು? ಮೂರು ವರ್ಷದ ಕೂಸು ಹತ್ತು ಗಂಟೆಯಾದರೂ ಪಡಸಾಲೆಯಲ್ಲಿ ನಿಮ್ಮ ಅರಳೆ ವ್ಯಾಪಾರದವರ ನಡುವೆ ಕೂತಿರುತ್ತದೆ. ಬಂದವರೆಲ್ಲ ಅದರ ಗಲ್ಲ ಹಿಂಡುತ್ತಾರೆ, ಕುಣಿ ಎನ್ನುತ್ತಾರೆ. ದಣಿದು ಹಟ ಮಾಡಿದರೆ ಅತ್ತೆಯವರು "ಗುಮ್ಮ ಬಂದಾ" ಎಂದು ಕತ್ತಲೆಯ ಕಡೆಗೆ ಕೈ ತೋರಿಸುತ್ತಾರೆ. ಕೂಸು ಚಿಟ್ಟನೆ ಚೀರುತ್ತದೆ. ಆಮೇಲೆ ಕಾಲು ಹೊರಗೆ ಚಾಚುವಷ್ಟು ಸಣ್ಣ ತೊಟ್ಟಿಲಿಗೆ ಹಾಕಿ, ಗೋಡೆಗೆ ಬಡಿಯುವ ಹಾಗೆ ತೂಗುತ್ತಾರೆ. ಇದಕ್ಕೆ ಮಲಗಿಸುವುದು ಎನ್ನುತ್ತಾರೆಯೇ? ನಾನಾದರೆ ಕಾದಾಟ ಎನ್ನುತ್ತೇನೆ.

ಇನ್ನೊಂದು ಮಾತು. ಹೊತ್ತು ಮುಳುಗುವ ಮೊದಲು ಎಲ್ಲರೊಡನೆ ಸರಿತಾಳ ಊಟವೂ ಮುಗಿಯುತ್ತದೆ. ಎಂಟು ಗಂಟೆಗೆ ಅವಳಿಗೆ ಮತ್ತೆ ಹಸಿವೆ. ಕೇಳಿದರೆ "ದೀಪ ಹಚ್ಚಿದ ಮೇಲೆ ಬಾಯಿಗೆ ಏನೂ ಮುಟ್ಟಿಸಬಾರದು" ಎಂಬ ಉತ್ತರ. ಹಸಿದ ಮಗು ಅಳದೆ ಇನ್ನೇನು ಮಾಡಬೇಕು? ಅದಕ್ಕೆ ಹಟಮಾರಿ ಎಂಬ ಹೆಸರು ಬೇರೆ.

ಬೆಳಗಾವಿಯಲ್ಲಿ ಶಿಶು ಸಪ್ತಾಹ ನಡೆದಾಗ ಒಬ್ಬ ಲೇಡಿ ಡಾಕ್ಟರರು ಎರಡು ತಾಸು ಇದೇ ವಿಷಯ ಹೇಳಿದರು. ನಾನು ಬರೆದುಕೊಂಡು ಬಂದಿದ್ದೇನೆ. ಆರು ಗಂಟೆಗೆ ಆಟ ನಿಲ್ಲಬೇಕು. ಆರೂವರೆಗೆ ಬೆಚ್ಚನೆಯ ನೀರಿನಲ್ಲಿ ಕೈಕಾಲು ಮುಖ ತೊಳೆಯಬೇಕು. ಏಳಕ್ಕೆ ಒಂದು ಬಟ್ಟಲು ಹಾಲು. ಆಮೇಲೆ ದೀಪ ಸಣ್ಣದು ಮಾಡಿ ಹಾಸಿಗೆಯಲ್ಲಿ ಬಿಡಬೇಕು. ಏಳೂವರೆಗೆ ನಿದ್ದೆ. ತೊಟ್ಟಿಲು ಬೇಡ, ಜೋಗುಳ ಬೇಡ, ಗುಮ್ಮನಂತೂ ಬೇಡವೇ ಬೇಡ. ದಿನವೂ ಒಂದೇ ಹೊತ್ತಿಗೆ ಒಂದೇ ಕ್ರಮ ಇಟ್ಟರೆ ಮಗು ತಾನಾಗಿ ಮಲಗುತ್ತದೆ. ಅಂಗಡಿಯ ಗಡಿಯಾರ ನೋಡಿ ಹೊತ್ತು ಹೇಳುವುದು ನಿಮ್ಮ ಕೆಲಸ.

ಏಳೂವರೆ ಎಂದರೆ ಏಳೂವರೆ.

ಇಂತಿ,
ಸುಂದರಾಬಾಯಿ


॥ ಶ್ರೀ ವೀತರಾಗಾಯ ನಮಃ ॥

ಹುಕ್ಕೇರಿ
೨ ಜುಲೈ ೧೯೩೬

ಸುಂದರಾಗ ಅತ್ತಿ ಜಿನ್ನವ್ವನ ಆಶೀರ್ವಾದ.

ನಿನ್ನ ಪತ್ರ ಆಬಾ ಎರಡ ಸರತಿ ಓದಿದಾ. ಎರಡನೇ ಸರತಿ ನಾನ ಓದಸೀನಿ, ಯಾಕಂದ್ರ ಸೊಸಿ ಹಿಂಗ ಬರದಾಳಂದ್ರ ನನಗ ಖರೆ ಅನಸಲಿಲ್ಲ. ನಾ ಒಂಬತ್ತ ಹಡದೀನಿ, ಐದ ಉಳಸೀನಿ. ಅದರಾಗ ಒಂದು ನಿನ್ನ ಗಂಡಾ ಆಗಿದ್ದ. ಅವನ್ನೂ ಇದ ತೊಟ್ಟಲದಾಗ ತೂಗೀನಿ. ಅವ ಯಾವ ಗಡಿಯಾರ ನೋಡಿ ಮಲಗಿದ್ನವಾ?

ಆ ಡಾಕ್ಟರಬಾಯಿಗೆ ಮಕ್ಕಳ ಎಷ್ಟ ಅದಾವು, ಕೇಳಿದ್ದಿ ಏನು? ಕೇಳಿ ಬರಿ.

ಪಡಸಾಲ್ಯಾಗ ಮಂದಿ ಇರತಾರ, ಖರೆ. ವ್ಯಾಪಾರದ ಮನಿ ಇದು. ಕೂಸಿಗೆ ಅಪ್ಪಾ ಇಲ್ಲ, ಅವ್ವ ಊರಾಗ ಇಲ್ಲ, ನಾಕ ಮಂದಿ ಎತ್ತಿಕೊಂಡ್ರ ಅದರ ಗಂಟ ಏನ ಹೋತು? ಗುಮ್ಮ ಅನ್ನೂದು ಬಿಡ ಅಂದಿ, ಬಿಡತೀನಿ. ಹೋಗಲಿ. ಆದ್ರ ದೀಪಾ ಹಚ್ಚಿದ ಮ್ಯಾಲ ಹಾಲ ಕುಡಸಂತಿ? ನಮ್ಮ ಮನ್ಯಾಗ? ನನ್ನ ಕೈಲೆ? ಮೂವತ್ತ ವರ್ಷ ಆತು, ಹೊತ್ತ ಮುಳಗಿದ ಮ್ಯಾಲ ನಾ ನೀರಿನ ಹನಿ ಬಾಯಾಗ ಬಿಟ್ಟಿಲ್ಲ. ಕತ್ತಲಾಗ ಹಾಲಿನ ಬಟ್ಟಲದಾಗ ಏನ ಬಿದ್ದೈತಿ, ಯಾವ ಜೀವ ಐತಿ, ಕಾಣತೈತೇನು? ಆ ಪಾಪ ಕೂಸಿನ ತಲಿಮ್ಯಾಲ ಹಾಕಾಕ ನಾ ತಯಾರಿಲ್ಲ. ನೀ ನಾಕ ಅಕ್ಷರ ಕಲತಿ ಅಂತ ನಿನ್ನ ಮಾವನ ಮನಿ ಧರ್ಮ ಮರತಿ.

ಕೂಸ ಆರಾಮ ಐತಿ. ನಿನ್ನ ನೆನಸತೈತಿ.

ಜಿನ್ನವ್ವ

ವೈನಿಯವರಿಗೆ ನಮಸ್ಕಾರ. ಅವ್ವ ಹೇಳಿದ ಹಾಗೆಯೇ ಬರೆದಿದ್ದೇನೆ, ಎರಡು ಮಾತು ಮಾತ್ರ ಬಿಟ್ಟಿದ್ದೇನೆ. ಆಬಾಸಾಹೇಬ.


ಗೋಕಾಕ
೯ ಆಗಸ್ಟ್ ೧೯೩೬

ಚಿ. ಆಬಾಸಾಹೇಬರಿಗೆ,

ನೀವು ಬಿಟ್ಟ ಆ ಎರಡು ಮಾತು ಯಾವುವೆಂದು ನಾನು ಊಹಿಸಿಕೊಂಡೆ. ಬರೆದಿದ್ದರೂ ಇದಕ್ಕಿಂತ ಹೆಚ್ಚು ಸಿಟ್ಟು ಬರುತ್ತಿರಲಿಲ್ಲ.

ಒಂಬತ್ತು ಹಡೆದು ಐದು ಉಳಿಸಿದ್ದನ್ನು ಅತ್ತೆಯವರು ಹೆಮ್ಮೆಯಿಂದ ಹೇಳುತ್ತಾರೆ. ಉಳಿದ ನಾಲ್ಕರ ಮಾತು ಯಾರು ಆಡಬೇಕು? ನಾನು ಆಡಬಾರದು, ಆದರೂ ಆಡಿದ್ದೇನೆ, ಓದಿ ಹೇಳಿ. ವ್ರತ ಹಿಡಿದವರು ಅವರು. ಸರಿತಾ ಯಾವ ವ್ರತ ಹಿಡಿದಿದ್ದಾಳೆ? ಅವಳಿಗೆ ಹೊತ್ತು ಮುಳುಗುವುದು ಏನೆಂದೇ ತಿಳಿಯದು, ಹೊಟ್ಟೆ ಹಸಿಯುವುದು ಮಾತ್ರ ತಿಳಿಯುತ್ತದೆ. ಧರ್ಮ ನನಗೂ ಗೊತ್ತಿದೆ. ಹಸಿದ ಕೂಸನ್ನು ಕತ್ತಲೆಯಲ್ಲಿ ಅಳಿಸುವುದು ಯಾವ ಜೀವದಯೆ ಎಂದು ಅತ್ತೆಯವರೇ ಹೇಳಲಿ.

ಕಳೆದ ವಾರ ಹತ್ತರಗಿಯಿಂದ ಬರುವಾಗ ನಮ್ಮ ಶಾಲೆಯ ಸಿಪಾಯಿಯ ಹೆಂಡತಿ ಸತ್ತೆವ್ವ ರಾತ್ರಿ ನಿಮ್ಮ ಮನೆಯಲ್ಲಿ ಉಳಿದಿದ್ದಳಂತೆ. ಒಂಬತ್ತೂವರೆಗೆ ಮಗು ಪಡಸಾಲೆಯಲ್ಲಿ ಕುಣಿಯುತ್ತಿತ್ತು ಎಂದಳು. ಅಂದರೆ ನನ್ನ ಪತ್ರ ಒಲೆಗೆ ಹೋಯಿತು.

ಇನ್ನು ವಾದ ಸಾಕು. ದೀಪಾವಳಿ ರಜೆಗೆ ನಾನು ಬರುತ್ತೇನೆ. ಅಷ್ಟರೊಳಗೆ ಸರಿತಾ ಏಳೂವರೆಗೆ ಅಳದೆ, ತೊಟ್ಟಿಲಿಲ್ಲದೆ ಮಲಗುವುದನ್ನು ಕಲಿತಿರಬೇಕು. ಇಲ್ಲದಿದ್ದರೆ ಅವಳನ್ನು ಕರೆದುಕೊಂಡು ಬರುತ್ತೇನೆ, ಮತ್ತೆ ಹುಕ್ಕೇರಿಗೆ ಕಳಿಸುವುದಿಲ್ಲ. ಕೆಲಸ ಹೋದರೂ ಹೋಗಲಿ. ಇದನ್ನು ಬೆದರಿಕೆ ಎಂದು ತಿಳಿದರೂ ನನ್ನದೇನೂ ಅಡ್ಡಿಯಿಲ್ಲ.

ಹದಿನೈದು ದಿನಕ್ಕೊಮ್ಮೆ, ಎಷ್ಟು ಗಂಟೆಗೆ ಮಲಗಿದಳು ಎಂದು ಬರೆಯುತ್ತಿರಿ.

ಸುಂದರಾಬಾಯಿ


ಹುಕ್ಕೇರಿ
೧೫ ಸೆಪ್ಟೆಂಬರ್ ೧೯೩೬

ವೈನಿಯವರಿಗೆ ಸಾಷ್ಟಾಂಗ ನಮಸ್ಕಾರ.

ನೀವು ಗೆದ್ದಿರಿ. ಸರೂ ಈಗ ಹನ್ನೆರಡು ದಿನದಿಂದ ಏಳಕ್ಕೇ ಮಲಗುತ್ತಾಳೆ. ಗುಮ್ಮ ಇಲ್ಲ, ತೊಟ್ಟಿಲು ಇಲ್ಲ. ತೊಟ್ಟಿಲನ್ನು ಬಿಚ್ಚಿ ಅಟ್ಟಕ್ಕೆ ಹಾಕಿದ್ದೇವೆ. ಅವ್ವ ಅವಳ ಕೈಕಾಲು ತೊಳೆಸಿ ಒಳಕೋಣೆಯಲ್ಲಿ ಹಾಸಿಗೆಯ ಮೇಲೆ ಬಿಡುತ್ತಾಳೆ, ಕೂಸು ಅರೆಗಳಿಗೆಯಲ್ಲಿ ನಿದ್ದೆ ಹೋಗುತ್ತದೆ. ಹಾಲಿನ ಗೊಡವೆಯೂ ಬೀಳಲಿಲ್ಲ. ಪಡಸಾಲೆಯಲ್ಲಿ ನಾವು ಎಷ್ಟು ಗದ್ದಲ ಮಾಡಿದರೂ ಏಳುವುದಿಲ್ಲ. ಬೆಳಿಗ್ಗೆ ಎಂಟು, ಒಮ್ಮೊಮ್ಮೆ ಒಂಬತ್ತರ ತನಕ ನಿದ್ದೆ. ಊಟ ಸ್ವಲ್ಪ ಕಡಿಮೆಯಾಗಿದೆ, ಹೊಟ್ಟೆ ಕಟ್ಟಿದೆ, ಮಳೆಗಾಲವಲ್ಲವೇ, ಅದರದ್ದಿರಬೇಕು.

ಅವ್ವ ಪ್ರತಿದಿನ ನನ್ನನ್ನು ಕೂಗಿ "ಎಷ್ಟ ಆತು ನೋಡೋ" ಎಂದು ಗಡಿಯಾರ ನೋಡಿಸುತ್ತಾಳೆ. "ಬರಿ, ಬರಿ, ಏಳಕ್ಕ ಮಲಗೇತಿ ಅಂತ ಬರಿ" ಎನ್ನುತ್ತಾಳೆ.

ನಿಮ್ಮ ಮೈದುನ,
ಆಬಾಸಾಹೇಬ


ಗೋಕಾಕ
೨೩ ಸೆಪ್ಟೆಂಬರ್ ೧೯೩೬

ಅತ್ತೆಯವರ ಪಾದಗಳಿಗೆ ಸುಂದರಾಳ ನಮಸ್ಕಾರಗಳು.

ನಿಮ್ಮ ಮೇಲೆ ಎಷ್ಟು ಸಿಟ್ಟು ಮಾಡಿದ್ದೆನೋ ಈಗ ಅಷ್ಟೇ ಸಂತೋಷ. ನೋಡಿದಿರಾ? ಕ್ರಮವೊಂದಿದ್ದರೆ ಮಕ್ಕಳು ಎಷ್ಟು ಬೇಗ ಹಾದಿಗೆ ಬರುತ್ತಾರೆ! ಆಬಾಸಾಹೇಬರ ಪತ್ರವನ್ನು ನಮ್ಮ ಹೆಡ್‌ಬಾಯಿಯವರಿಗೆ ಓದಿ ತೋರಿಸಿದೆ. ತಾಯಂದಿರ ಸಭೆಯಲ್ಲಿ ಇದನ್ನೇ ಉದಾಹರಣೆಯಾಗಿ ಹೇಳಿರಿ ಎಂದರು. ಹೇಳಿದೆ. ಎಪ್ಪತ್ತು ಮಂದಿ ಹೆಂಗಸರು ಕೇಳಿದರು.

ಚಳಿಗಾಲ ಬರುತ್ತಿದೆ, ಹೊತ್ತು ಬೇಗ ಮುಳುಗುತ್ತದೆ. ಆದ್ದರಿಂದ ಇನ್ನು ಮುಂದೆ ಆರೂವರೆಗೆ ಮಲಗಿಸಿದರೆ ಇನ್ನೂ ಒಳ್ಳೆಯದು. ನಿಮ್ಮಿಂದ ಆಗುತ್ತದೆ ಎಂದು ಈಗ ನನಗೆ ಭರವಸೆ ಬಂದಿದೆ. ಸರಿತಾಳಿಗೆ ಒಂದು ಉಲ್ಲನ್ ಟೋಪಿ ಹೆಣೆಯುತ್ತಿದ್ದೇನೆ.

ನಿಮ್ಮ ಸೊಸೆ,
ಸುಂದರಾಬಾಯಿ


ಮೂಡಲಗಿ
೬ ನವೆಂಬರ್ ೧೯೩೬

ತಂಗಿ ಸುಂದರಾಳಿಗೆ ಅಣ್ಣ ಬಾಪುಸಾಹೇಬನ ಆಶೀರ್ವಾದ.

ಮೊದಲು ಇದನ್ನು ಓದು: ಸರಿತಾ ಜೀವದಿಂದಿದ್ದಾಳೆ, ಈಗ ಗಂಡಾಂತರವಿಲ್ಲ. ಇನ್ನು ಮುಂದಿನದನ್ನು ಕೂತು ಓದು.

ಮೊನ್ನೆ ಎತ್ತು ನೋಡಲು ಹುಕ್ಕೇರಿಗೆ ಹೋಗಿದ್ದೆ. ಸಂಜೆ ಆರರ ಸುಮಾರಿಗೆ ನಿನ್ನ ಮಾವನ ಮನೆಗೆ ಹೋದೆ. ಸೋದರಮಾವ ಬಂದಿದ್ದಾನೆ, ಕೂಸನ್ನು ಎಬ್ಬಿಸಿ ಎಂದೆ. "ಈಗ ಮಲಗೇತ್ರಿ, ಎಬ್ಬಿಸಬ್ಯಾಡ್ರಿ, ಸುಂದರಾ ಸಿಟ್ಟಾಗತಾಳ" ಎಂದರು ನಿನ್ನ ಅತ್ತೆ. ನಾನು ಕೇಳಲಿಲ್ಲ, ಒಳಗೆ ಹೋಗಿ ಎತ್ತಿಕೊಂಡೆ. ಕತ್ತು ಹಿಂದಕ್ಕೆ ಬಿತ್ತು. ಕರೆದೆ, ಗಲ್ಲ ತಟ್ಟಿದೆ, ನೀರು ಚಿಮುಕಿಸಿದೆ. ಕಣ್ಣು ತೆರೆಯಲಿಲ್ಲ. ಉಸಿರು ಬರುತ್ತಿತ್ತು, ಆದರೆ ಒಂದು ಬಂದ ಮೇಲೆ ಇನ್ನೊಂದು ಬರುವ ತನಕ ನನ್ನ ಉಸಿರು ನಿಂತಿರುತ್ತಿತ್ತು. ತುಟಿ ನೀಲಿ. ಆಬಾಸಾಹೇಬ ಓಡಿಹೋಗಿ ಡಾಕ್ಟರರನ್ನು ಕರೆತಂದ.

ಡಾಕ್ಟರರು ಕೂಸಿನ ಕಣ್ಣರೆಪ್ಪೆ ಬಿಡಿಸಿ ನೋಡಿದವರೇ "ಏನು ಕೊಟ್ಟಿದ್ದೀರಿ?" ಎಂದು ಕೇಳಿದರು. ನಿನ್ನ ಅತ್ತೆ ಸೊಂಟದ ಸಂಚಿಯಿಂದ ತಾವೇ ಒಂದು ಸಣ್ಣ ಡಬ್ಬಿ ತೆಗೆದು ಮುಂದಿಟ್ಟರು. ಅಫೀಮು. ಅವರು ಒಂದಿಷ್ಟೂ ಮುಚ್ಚಿಡಲಿಲ್ಲ, ತಪ್ಪು ಮಾಡಿದ ಮುಖವೂ ಅಲ್ಲ. "ಯಮಕನಮರಡಿಯ ನಮ್ಮಕ್ಕ ತನ್ನ ಮಕ್ಕಳಿಗೆಲ್ಲಾ ಕೊಟ್ಟಾಳ್ರಿ. ಇವತ್ತ ಒಂದೂವರಿ ಜ್ವಾಳದ ಕಾಳಿನಷ್ಟ ಕೊಟ್ಟೀನ್ರಿ. ಹೊತ್ತ ಮುಳಗೂದರೊಳಗ ಕೊಟ್ಟೀನ್ರಿ, ಒಂದ ದಿನಾನೂ ದೀಪಾ ಹಚ್ಚಿದ ಮ್ಯಾಲ ಕೊಟ್ಟಿಲ್ಲ" ಎಂದರು. ಡಾಕ್ಟರರು ಹಣೆಗೆ ಕೈ ಹಚ್ಚಿಕೊಂಡು ಕೂತುಬಿಟ್ಟರು.

ಆಮೇಲೆ ಔಷಧಿ, ವಾಂತಿ, ಕಪ್ಪು ಕಾಫಿ. ಮಲಗಲು ಬಿಡಬೇಡಿ ಎಂದು ಅಪ್ಪಣೆ. ಬೆಳಗಿನ ತನಕ ಕೂಸನ್ನು ನಡೆದಾಡಿಸಿ, ಚಿವುಟಿ, ಕೂಗಿ ಕರೆದೆವು. ಬೆಳಕು ಹರಿದ ಮೇಲೆ "ಮಾಮಾ" ಎಂದಳು.

ನೀನು ಬರೆದ ನಿಯಮಗಳ ಕಾಗದ ಒಳಕೋಣೆಯ ಗೋಡೆಗೆ ಅಂಟಿಸಿತ್ತು. ನಾನು ಬೇರೇನೂ ಹೇಳುವುದಿಲ್ಲ. ಬಂದು ಮಗಳನ್ನು ನೋಡು.

ನಿನ್ನ ಅಣ್ಣ,
ಬಾಪುಸಾಹೇಬ


ಗೋಕಾಕ
೨೦ ನವೆಂಬರ್ ೧೯೩೬

ಆಬಾಸಾಹೇಬರಿಗೆ,

ಸರಿತಾ ನನ್ನ ಹತ್ತಿರ ಇದ್ದಾಳೆ. ಅವಳ ಬಟ್ಟೆಬರೆ ಕಳಿಸಬೇಡಿ, ಹೊಸದಾಗಿ ಹೊಲಿಸಿದ್ದೇನೆ.

ಅವಳನ್ನು ಕರೆತರಲು ಬಂದ ದಿನ ನಿಮ್ಮ ಮನೆಯಲ್ಲಿ ನನಗೆ ಬಾಯಿ ಬರಲಿಲ್ಲ. ಈಗ ಬಂದಿದೆ. ಒಂದು ಬಟ್ಟಲು ಹಾಲು ಪಾಪ, ವಿಷ ಪುಣ್ಯ! ಹಾಲಿನಲ್ಲಿ ಹುಳ ಬಿದ್ದೀತೆಂದು ಅಂಜುವ ಕೈ ಕೂಸಿನ ನಾಲಿಗೆಗೆ ಅಫೀಮು ಸವರುವಾಗ ನಡುಗಲಿಲ್ಲ. ಎರಡು ತಿಂಗಳು! ದಿನವೂ! ನೀವು ಆಚೆ ಗಾದಿಗೆ ಒರಗಿಕೊಂಡು ಗಡಿಯಾರ ನೋಡಿ ನನಗೆ ಪತ್ರ ಬರೆಯುತ್ತಿದ್ದಿರಿ. ಒಂಬತ್ತರ ತನಕ ಏಳದ ಕೂಸನ್ನು ಕಂಡು ನಿಮಗೆ ಒಂದು ದಿನವಾದರೂ ಸಂಶಯ ಬರಲಿಲ್ಲವೇ? ನಾನು ಎಪ್ಪತ್ತು ತಾಯಂದಿರ ಮುಂದೆ ನಿಂತು ಈ ನಿದ್ದೆಯನ್ನು ಹೊಗಳಿ ಬಂದೆ. ಆ ನಾಚಿಕೆಯನ್ನು ಎಲ್ಲಿ ತೊಳೆಯಲಿ?

ಅತ್ತೆಯವರನ್ನು ನಾನು ಕ್ಷಮಿಸುವುದಿಲ್ಲ. ಅವರ ಹೊಸ್ತಿಲನ್ನು ಇನ್ನು ತುಳಿಯುವುದೂ ಇಲ್ಲ. ಮಗಳನ್ನು ನೋಡಬೇಕೆಂದು ಅವರು ಹೇಳಿ ಕಳಿಸುವುದು ಬೇಡ.

ಸುಂದರಾಬಾಯಿ


ಹುಕ್ಕೇರಿ
೨೮ ನವೆಂಬರ್ ೧೯೩೬

ವೈನಿಯವರಿಗೆ,

ನಿಮ್ಮ ಪತ್ರವನ್ನು ಅವ್ವನಿಗೆ ಓದಿ ಹೇಳಲಿಲ್ಲ. ಇದೇ ಮೊದಲ ಸಲ.

ನೀವು ಬೈದದ್ದರಲ್ಲಿ ನನ್ನ ಪಾಲು ನಾನು ತೆಗೆದುಕೊಳ್ಳುತ್ತೇನೆ. ಆ ಡಬ್ಬಿಯನ್ನು ತಂದುಕೊಟ್ಟವನು ನಾನೇ. ಮೊಣಕಾಲು ನೋವಿಗೆ ಎಂದಳು, ಅಫೀಮಿನ ಅಂಗಡಿಯಿಂದ ತಂದೆ. ಮುಗಿಯಿತು ಎಂದಳು, ಮತ್ತೆ ತಂದೆ. ಮುದುಕಿಗೆ ಇಷ್ಟೇಕೆ ಬೇಕು ಎಂದು ಕೇಳಲಿಲ್ಲ. ಅದಕ್ಕೆ ನನ್ನನ್ನು ಎಷ್ಟು ಬೇಕಾದರೂ ಬೈಯಿರಿ.

ಆದರೆ ನಿಮ್ಮ ಪತ್ರಗಳೂ ನನ್ನ ಹತ್ತಿರ ಇವೆ. ನಿನ್ನೆ ತೆಗೆದು ಓದಿದೆ. ಆಗಸ್ಟಿನ ಪತ್ರ ಓದಿ ಹೇಳಿದ ದಿನ ಅವ್ವ ಊಟ ಬಿಟ್ಟು ಕೂತಿದ್ದಳು. ನಾಲ್ಕು ಕೂಸುಗಳ ಮಾತು ನೀವು ಎತ್ತಿದ್ದಿರಿ. ಅವಳು ಕೇಳಿದ್ದು ಒಂದೇ: "ಏಳೂವರಿಗೆ ಮಲಗಲಿಲ್ಲಂದ್ರ ಖರೇನ ಒಯ್ತಾಳೇನೋ ಆಬಾ?" ನಾನು "ವೈನಿ ಅಂದದ್ದು ಮಾಡುವವಳು" ಎಂದೆ. ಮೂರು ವಾರ ಅವಳು ನಿಮ್ಮ ಕ್ರಮದಂತೆಯೇ ಮಲಗಿಸಲು ನೋಡಿದಳು. ಹಸಿದ ಕೂಸು ಮಲಗಲಿಲ್ಲ. ಮಗನನ್ನು ಕಳೆದುಕೊಂಡವಳು, ಅವನ ಕೂಸನ್ನೂ ಕಳೆದುಕೊಳ್ಳುತ್ತೇನೆಂದು ಅಂಜಿ ಮಾಡಿದಳು. ಆರೂವರೆಗೆ ಮಲಗಿಸಿರಿ ಎಂದು ನೀವು ಬರೆದ ಮೇಲೆ ಅಫೀಮಿನ ಕಾಳು ದೊಡ್ಡದಾಯಿತು. ಇದನ್ನು ಅವಳು ಡಾಕ್ಟರರಿಗೆ ಹೇಳಲಿಲ್ಲ, ನನಗೂ ಹೇಳಲಿಲ್ಲ. ಡಬ್ಬಿ ತಂದ ತಾರೀಖಿಗೆ ನಿಮ್ಮ ಪತ್ರದ ತಾರೀಖು ಕೂಡಿಸಿ ನಾನೇ ಕಂಡುಕೊಂಡೆ. ನಿಮ್ಮ ಹೆಸರು ಎಲ್ಲಿಯೂ ಬರಬಾರದೆಂದು ಮುದುಕಿ ಬಾಯಿ ಕಟ್ಟಿಕೊಂಡಿದ್ದಾಳೆ. ನೀವು ಹೊಸ್ತಿಲು ತುಳಿಯುವುದಿಲ್ಲ ಎಂದು ಬರೆಯುತ್ತೀರಿ!

ಇನ್ನೊಂದು ಕೇಳಿ. ಕಳೆದ ವಾರ ಅವ್ವ ಬಸದಿಗೆ ಹೋಗಿ ಅಲ್ಲಿ ಪೂಜೆ ಮಾಡುವ ಉಪಾಧ್ಯರನ್ನು ಕೇಳಿದಳು. ಎಂಟು ವರ್ಷ ತುಂಬುವ ತನಕ ಮಕ್ಕಳಿಗೆ ಯಾವ ವ್ರತವೂ ಇಲ್ಲ, ರಾತ್ರಿ ಹಾಲು ಕುಡಿದರೆ ಅವರಿಗೆ ದೋಷವಿಲ್ಲ ಎಂದರು. ಅವ್ವ ಅಲ್ಲಿಯೇ ಹಿಡಿದಳು. "ಮೂವತ್ತ ವರ್ಷ ನಿಮಗ ಕೈ ಮುಗದೀನಿ. ಒಂದ ದಿನಾನೂ ಯಾಕ ಹೇಳಲಿಲ್ರೀ?" ಅವರು "ನೀವ ಕೇಳಲಿಲ್ಲವಾ" ಎಂದರು. "ಕೂಸಿನ ಹೊಟ್ಟಿ ವಿಚಾರ ಕೇಳಿದ್ರಷ್ಟ ಹೇಳೂದೇನ್ರಿ? ಹಂಗಾರ ನೀವ್ಯಾಕ ಬೇಕು?" ಎಂದು ಎಲ್ಲರ ಎದುರಿಗೆ ಕೂಗಾಡಿ ಬಂದಳು. ಬಂದವಳು ಒಳಕೋಣೆ ಬಾಗಿಲು ಹಾಕಿಕೊಂಡಳು.

ಆಬಾಸಾಹೇಬ


ಗೋಕಾಕ
೧೯ ಡಿಸೆಂಬರ್ ೧೯೩೬

ಅತ್ತೆಯವರಿಗೆ,

ಆಬಾಸಾಹೇಬರ ಪತ್ರ ಬಂದು ಮೂರು ವಾರವಾಯಿತು. ಮೊದಲ ದಿನ ಅದನ್ನು ಹರಿದುಹಾಕಬೇಕೆಂದಿದ್ದೆ. ಅವರು ಬರೆದದ್ದು ಸುಳ್ಳೆಂದು ನಾಲ್ಕು ಪುಟ ಬರೆದೆ, ಕಳಿಸಲಿಲ್ಲ.

ಸರಿತಾ ಮಲಗುವುದಿಲ್ಲ. ಮೊದಲ ಹದಿನೈದು ದಿನ ಮೂಗು ಸೋರುವುದು, ಆಕಳಿಸುವುದು, ಕೈಕಾಲು ಝಾಡಿಸುವುದು. ಅಫೀಮು ಬಿಟ್ಟುಹೋಗುವಾಗ ಹಾಗಾಗುತ್ತದೆ ಎಂದರು ಇಲ್ಲಿಯ ಡಾಕ್ಟರರು. ಅದು ಹೋಯಿತು, ನಿದ್ದೆ ಬರಲಿಲ್ಲ. ನನ್ನ ಎಲ್ಲ ನಿಯಮವನ್ನೂ ಮಾಡಿದೆ. ಆರೂವರೆಗೆ ಬಿಸಿನೀರು, ಏಳಕ್ಕೆ ಹಾಲು, ಸಣ್ಣ ದೀಪ. ಬಾಜೂ ಕೂತು ಗಡಿಯಾರ ನೋಡಿದೆ. ಏಳೂವರೆ, ಎಂಟೂವರೆ, ಹತ್ತು. ನನ್ನ ಮುಖ ನೋಡಿದರೆ ಅಳು. ನಾನು ಕೈ ಇಟ್ಟರೆ ತೆಗೆದುಹಾಕುತ್ತಾಳೆ. "ಆಯಿ ಬೇಕು" ಎನ್ನುತ್ತಾಳೆ. ಆಯಿ ಎಂದರೆ ನೀವು. ನನ್ನನ್ನು ಅವಳು "ಅಕ್ಕೋರು" ಎನ್ನುತ್ತಾಳೆ. ಶಾಲೆಯ ಹುಡುಗಿಯರು ಕರೆಯುವುದನ್ನು ಕೇಳಿ ಕಲಿತಳು. ಒಂದು ದಿನ ಅವಳಿಗೆ ಹೊಡೆದೆ. ಇದನ್ನೂ ಬರೆಯುತ್ತಿದ್ದೇನೆ.

ನಮ್ಮ ವಠಾರದಲ್ಲಿ ಯಲ್ಲಕ್ಕ ಎಂಬ ಕುರುಬರ ಹೆಂಗಸು ಇದ್ದಾಳೆ, ಉಣ್ಣೆ ನೂಲುತ್ತಾಳೆ. ಬಹಳ ಒಳ್ಳೆಯವಳು. ಎರಡನೇ ತಾರೀಖು ಸಂಜೆ ಅಳು ಕೇಳಿ ಬಂದಳು. ಮರುದಿನ ನನಗೆ ಶಾಲೆಯ ತಪಾಸಣೆ ಇತ್ತು, ಇನ್‌ಸ್ಪೆಕ್ಟರರು ಬರುವವರಿದ್ದರು, ಅದರಲ್ಲಿ ಕಡಿಮೆ ಬಿದ್ದರೆ ಕೆಲಸ ಕಾಯಂ ಆಗುವುದಿಲ್ಲ. ನಾನು ನಾಲ್ಕು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ಯಲ್ಲಕ್ಕ ಸೆರಗಿನ ಗಂಟು ಬಿಚ್ಚಿದಳು. "ಅಕ್ಕೋರ, ನೀವೂ ಸಾಯಾಕತ್ತೀರಿ, ಕೂಸೂ ಸಾಯಾಕತ್ತೈತಿ. ಇಷ್ಟ ನಾಲಗಿಗಿ ಹಚ್ಚರಿ, ಏನೂ ಆಗೂದಿಲ್ಲ" ಎಂದಳು. ಅದು ಏನೆಂದು ನನಗೆ ಗೊತ್ತಿತ್ತು. ನಿಮಗೆ ಗೊತ್ತಿಲ್ಲದ್ದೂ ನನಗೆ ಗೊತ್ತಿತ್ತು.

ನಾನು ಕೈ ಚಾಚಿದೆ.

ಅತ್ತೆಯವರೇ, ಬನ್ನಿ. ನನಗಾಗಿ ಬರಬೇಡಿ, ಅವಳಿಗಾಗಿ ಬನ್ನಿ. ಬರುವುದಿಲ್ಲ ಎಂದರೆ ಅದೂ ನ್ಯಾಯವೇ.

ಸುಂದರಾ


ಹುಕ್ಕೇರಿ
೨೩ ಡಿಸೆಂಬರ್ ೧೯೩೬

ಸುಂದರಾಗ,

ಶನಿವಾರ ಮೋಟಾರಿಗೆ ಬರತೀನಿ. ಆಬಾ ಕೂಡ ಬರತಾನ, ನನ್ನ ಬಿಟ್ಟ ಹೊಳ್ಳಿ ಹೋಗತಾನ. ನೀ ಹೊಡದಿದ್ದು ನನಗ ಭಾಳ ಸಿಟ್ಟ ಬಂದೈತಿ. ಅದನ್ನ ಬಂದ ಮ್ಯಾಲ ಮಾತಾಡತೀನಿ.

ಜಿನ್ನವ್ವ


ಗೋಕಾಕ
೧೭ ಜನವರಿ ೧೯೩೭

ಅಣ್ಣ ಬಾಪುಸಾಹೇಬನಿಗೆ ನಮಸ್ಕಾರಗಳು.

ಸರಿತಾ ಹೇಗಿದ್ದಾಳೆ, ಅತ್ತೆಯವರು ಹೇಗೆ ಹೊಂದಿಕೊಂಡರು ಎಂದು ಕೇಳಿದ್ದೀ. ಹೊಂದಿಕೊಳ್ಳಬೇಕಾದವಳು ನಾನೇ. ಬಂದ ದಿನವೇ ಮೋಟಾರಿನಿಂದ ಇಳಿದವರು ನನ್ನ ಕಡೆ ನೋಡಲಿಲ್ಲ. ಕೂಸನ್ನು ಎತ್ತಿಕೊಂಡು ಒಳಗೆ ಹೋಗಿ, ನನ್ನ ಅಡಿಗೆಮನೆ ನೋಡಿ ಮೂಗು ಮುರಿದು, ಹೊಡೆದ ವಿಷಯಕ್ಕೆ ಅರ್ಧ ತಾಸು ನನಗೆ ಬೈದರು. ವಠಾರದವರೆಲ್ಲ ಬಾಗಿಲಿಗೆ ಬಂದು ಕೇಳಿದರು. ನನ್ನ ಶಾಲೆಯ ಇಬ್ಬರು ಹುಡುಗಿಯರೂ ಇದ್ದರು. ನಾನು ಎದುರುತ್ತರ ಕೊಡಲಿಲ್ಲ ಎಂದರೆ ನೀನು ನಂಬುವುದಿಲ್ಲ.

ನಮ್ಮಿಬ್ಬರ ಊಟ ಹೊತ್ತು ಮುಳುಗುವ ಮೊದಲೇ ಆಗುತ್ತದೆ. ಏಳರ ಸುಮಾರಿಗೆ ಅವರು ಸರಿತಾಳಿಗೆ ಹಾಲು ಕುಡಿಸುತ್ತಾರೆ. ಬಟ್ಟಲನ್ನು ಕಂದೀಲಿಗೆ ಹಿಡಿದು, ಬಟ್ಟೆಯಲ್ಲಿ ಎರಡು ಸಲ ಸೋಸಿ, ಮತ್ತೆ ನೋಡಿ ಕುಡಿಸುತ್ತಾರೆ. ಮೊದಲ ದಿನ ಮೂರನೆಯ ಸಲವೂ ಸೋಸಿದರು. ನಾನು ಕುಡಿಸುತ್ತೇನೆ ಬಿಡಿ ಎಂದರೆ ಕೊಡಲಿಲ್ಲ.

ಆಮೇಲೆ ಹಾಸಿಗೆ. ಜೋಗುಳ ಹಾಡುವುದಿಲ್ಲ. ಗೋಡೆಗೆ ಒರಗಿ ಕೂತು, ಯಾರು ಯಾರು ಮಲಗಿದರು ಎಂದು ನಿಧಾನವಾಗಿ ಹೇಳುತ್ತಾರೆ. "ಯಲ್ಲಕ್ಕನ ಆಡ ಮಲಗಿತು. ಅದರ ಮರಿ ಮಲಗಿತು. ರಾಟಿ ಮಲಗಿತು. ಬಾವ್ಯಾನ ಕೊಡ ಮಲಗಿತು. ಅಕ್ಕೋರ ಸಾಲಿ ಮಲಗಿತು, ಸಾಲಿ ಗಂಟಿನೂ ಮಲಗಿತು." ಸರಿತಾ ಒಂದೊಂದಕ್ಕೂ "ಹೂಂ" ಎನ್ನುತ್ತಾಳೆ. ಒಂದು ಹೂಂ ಬರುವುದಿಲ್ಲ. ಆಮೇಲೆಯೂ ಸ್ವಲ್ಪ ಹೊತ್ತು ಹೇಳುತ್ತಲೇ ಇರುತ್ತಾರೆ. ಒಂದು ದಿನ ಎಂಟು ಗಂಟೆ, ಒಂದು ದಿನ ಎಂಟೂವರೆ. ಗಡಿಯಾರಕ್ಕೆ ನಾನು ಕೀಲಿ ಕೊಟ್ಟಿಲ್ಲ.

ನಾನು ಮಾಡದೆ ಇದ್ದದ್ದನ್ನು ನೀವೇನು ಮಾಡಿದಿರಿ ಎಂದು ಕೇಳಿಯೇಬಿಟ್ಟೆ, ಸ್ವಲ್ಪ ಸಿಟ್ಟಿನಿಂದಲೇ. "ನೀ ಮಲಗಸಾಕ ಕುಂಡರತಿ. ಅದು ಕೂಸಿಗೆ ತಿಳೀತೈತಿ. ನಾ ಸುಮ್ನ ಕುಂಡರತೀನಿ" ಎಂದರು. ಬೆಳಗಾವಿಯ ಡಾಕ್ಟರಬಾಯಿಯವರು ಇದನ್ನು ಹೇಳಿರಲಿಲ್ಲ.

ಇಷ್ಟು ದಿನ ಅವರು ಅಫೀಮಿನ ಮಾತು ಎತ್ತಿರಲಿಲ್ಲ. ನಾನೂ ಎತ್ತಲಿಲ್ಲ. ಮೊನ್ನೆ ಸಂಜೆ ಸರಿತಾ ಮಲಗಿದ ಮೇಲೆ ಇಬ್ಬರೂ ಅವರೆಕಾಳು ಬಿಡಿಸುತ್ತಾ ಕೂತಿದ್ದೆವು. ತಲೆ ಎತ್ತದೆ ಕೇಳಿದರು.

"ಕೈ ಚಾಚಿದಿ ಅಂತ ಬರದಿದ್ದಿ. ಮುಂದ ಬರಿಲಿಲ್ಲ."

ಅಣ್ಣಾ, ಸುಳ್ಳು ಹೇಳಲು ಬಹಳ ಹೊತ್ತಿತ್ತು. ಚೆಲ್ಲಿದೆ ಎನ್ನಬಹುದಿತ್ತು, ಯಲ್ಲಕ್ಕನಿಗೆ ತಿರುಗಿ ಕೊಟ್ಟೆ ಎನ್ನಬಹುದಿತ್ತು. ನಾನು ಬರೆದ ಪತ್ರಗಳೆಲ್ಲ ನನ್ನ ಕಣ್ಣ ಮುಂದೆ ಬಂದವು.

"ಕೊಟ್ಟೀನ್ರಿ ಅತ್ತಿ" ಎಂದೆ.

"ಎಷ್ಟ?"

"ಜೋಳದ ಕಾಳಿನ ಅರ್ಧ. ಅದೊಂದ ದಿನಾ."

ಅವರು ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಕೈಯಲ್ಲಿದ್ದ ಕಾಯಿ ಬಿಡಿಸಿ, ಕಾಳು ಬುಟ್ಟಿಗೆ ಹಾಕಿ, ಇನ್ನೊಂದು ಕಾಯಿ ತೆಗೆದುಕೊಂಡರು.

"ಮೊದಲನೇ ದಿನಾ ನಾನೂ ಅಷ್ಟ ಕೊಟ್ಟಿದ್ನಿ" ಎಂದರು.

ನಿನ್ನ ತಂಗಿ,
ಸುಂದರಾ